ತಗಡಿನ ಪಾಠಾಂತರ

ಹಳೆಯದನ್ನು ಉಳಿಸಿಕೊಳ್ಳುವುದೆಂದರೆ ಏನು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಜೀರ್ಣವಾದ ದೇವಾಲಯದ ಮುಂದೆ ನಿಂತು ಕೇಳಿಕೊಳ್ಳುತ್ತೇವೆ. ಇಲ್ಲವೆ ಹುಳು ತಿಂದ ಓಲೆಗರಿಯ ಕಟ್ಟನ್ನು ಬಿಚ್ಚಿದಾಗ ಕೇಳಿಕೊಳ್ಳುತ್ತೇವೆ. ಅದೇ ಪ್ರಶ್ನೆಯನ್ನು ಲಾರಿಯೊಂದರ ಮುಂದೆ ನಿಂತು ಕೇಳಿಕೊಳ್ಳಬೇಕಾಗಿ ಬಂದೀತೆಂದು ನಾನು ಭಾವಿಸಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಅಂಥ ಸಂದರ್ಭವೊಂದು ಒದಗಿತು. ಕೇಳುಗರ ಮುಂದೆ ಇಂದು ಅದನ್ನೇ ಇಡಬಯಸುತ್ತೇನೆ.

ನನ್ನ ಮಿತ್ರರೊಬ್ಬರ ಹಿತ್ತಲಿನಲ್ಲಿ 1962ರ ಒಂದು ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ನಿಂತಿದೆ. ಮೂಗು ಮುಂದಕ್ಕೆ ಚಾಚಿ, ಅದರ ಎರಡು ಪಕ್ಕದಲ್ಲೂ ಚಕ್ರಗಳ ಮೇಲೆ ಮಡ್‌ಗಾರ್ಡುಗಳು ದುಂಡಗೆ ಬಾಗಿರುವ ಹಳೆಯ ಮಾದರಿ. ಮಿತ್ರರ ತಂದೆ ಅದರಲ್ಲಿ ಅಡಿಕೆಯನ್ನೂ ಬೆಲ್ಲವನ್ನೂ ಸಾಗಿಸಿ ನಾಲ್ವರು ಮಕ್ಕಳನ್ನು ಓದಿಸಿದರು. ತಂದೆಯವರು ತೀರಿಕೊಂಡ ಮೇಲೆ ಅದನ್ನು ಗುಜರಿಗೆ ಹಾಕಲು ಮಿತ್ರರಿಗೆ ಮನಸ್ಸು ಬರಲಿಲ್ಲ. ಎಂಜಿನ್ ಇನ್ನೂ ಉಸಿರಾಡುತ್ತಿತ್ತು. ಆದರೆ ಎಡಗಡೆಯ ಮಡ್‌ಗಾರ್ಡನ್ನು ತುಕ್ಕು ಸಂಪೂರ್ಣವಾಗಿ ತಿಂದುಹಾಕಿತ್ತು. ಬೆರಳಿಟ್ಟರೆ ತಗಡು ಹಪ್ಪಳದಂತೆ ಮುರಿಯುತ್ತಿತ್ತು. ಅಂಗಡಿಗಳಲ್ಲಿ ಹುಡುಕಿದ್ದಾಯಿತು, ಗುಜರಿಗಳಲ್ಲಿ ಹುಡುಕಿದ್ದಾಯಿತು. ಆ ಭಾಗ ಎಲ್ಲೂ ದೊರೆಯಲಿಲ್ಲ. ಉಳಿದ ದಾರಿ ಒಂದೇ. ಚಪ್ಪಟೆ ತಗಡಿನಿಂದ ಕೈಯಲ್ಲೇ ಹೊಸದನ್ನು ಬಡಿಯುವುದು. ಊರಿನ ಗ್ಯಾರೇಜು ಸಾಲಿನ ಕೊನೆಯಲ್ಲಿ ಅಂಥ ಕೆಲಸ ಬಲ್ಲ ಟಿಂಕರ್ ಒಬ್ಬರಿದ್ದರು. ಎಪ್ಪತ್ತು ದಾಟಿದ ವಯಸ್ಸು. ಅವರ ಅಜ್ಜ ಸಂತೆಯಿಂದ ಸಂತೆಗೆ ಹೋಗಿ ತಾಮ್ರದ ಕೊಡಗಳ ನೆಗ್ಗು ತೆಗೆಯುತ್ತಿದ್ದರಂತೆ.

ಮುಂದಿನದನ್ನು ಹೇಳುವುದಕ್ಕೆ ಮೊದಲು ನಮ್ಮ ದೇಶದಲ್ಲಿ ಲಾರಿ ಎಂಬುದು ಹೇಗೆ ಹುಟ್ಟಿತೆಂಬುದನ್ನು ಸ್ವಲ್ಪ ನೆನೆಯಬೇಕು. ಹೊರನಾಡುಗಳಲ್ಲಿ ಮೋಟಾರಿನ ಮೈ ಮೊದಲು ಕುದುರೆಗಾಡಿಯ ಮೈಯೇ ಆಗಿತ್ತು: ಮರದ ಚೌಕಟ್ಟು, ಅದರ ಮೇಲೆ ತಗಡಿನ ಹೊದಿಕೆ. 1912ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಎಡ್ವರ್ಡ್ ಬಡ್ ಎಂಬಾತ ಸಂಸ್ಥೆಯೊಂದನ್ನು ಕಟ್ಟಿ, ಉಕ್ಕಿನ ತಗಡನ್ನು ಭಾರಿ ಅಚ್ಚುಗಳ ನಡುವೆ ಒತ್ತಿ, ತುಂಡುಗಳನ್ನು ಬೆಸೆದು, ಪೂರ್ತಿ ಉಕ್ಕಿನದೇ ಆದ ಮೈಗಳನ್ನು ತಯಾರಿಸತೊಡಗಿದ. ಅಚ್ಚಿನಿಂದ ಬಂದ ಸಾವಿರ ಮಡ್‌ಗಾರ್ಡುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಭೇದವಿಲ್ಲ. ಆದರೆ ಅಚ್ಚಿಗೆ ಹಾಕಿದ ಹಣ ಹಿಂದಿರುಗಬೇಕಾದರೆ ಸಾವಿರಗಟ್ಟಲೆಯಾಗಿಯೇ ಒತ್ತಬೇಕು. ಒಂದೇ ಒಂದು ಮಡ್‌ಗಾರ್ಡಿಗಾಗಿ ಯಾರೂ ಅಚ್ಚು ಕೊರೆಯಿಸುವುದಿಲ್ಲ. ಮಾದರಿ ನಿಂತಿತೆಂದರೆ ಅಚ್ಚೂ ಮೂಲೆ ಸೇರುತ್ತದೆ. ಆಮೇಲೆ ಉಳಿಯುವುದು ಕೈಯೊಂದೇ.

ನಮ್ಮಲ್ಲಾದರೋ ಆ ಕೈ ಮೊದಲಿನಿಂದಲೂ ಇತ್ತು. 1928ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ಮುಂಬಯಿಯ ಶಿವಡಿಯಲ್ಲಿ ವಾಹನಗಳನ್ನು ಜೋಡಿಸುವ ಕಾರ್ಖಾನೆಯನ್ನು ತೆರೆಯಿತು. 1944ರಲ್ಲಿ ವಾಲ್‌ಚಂದ್ ಹೀರಾಚಂದರು ಪ್ರೀಮಿಯರ್ ಆಟೊಮೊಬೈಲ್ಸನ್ನು ಸ್ಥಾಪಿಸಿದರು. 1948ರಲ್ಲಿ ಮದರಾಸಿನ ಬಳಿಯ ಎಣ್ಣೂರಿನಲ್ಲಿ ಅಶೋಕ್ ಮೋಟಾರ್ಸ್ ಆರಂಭವಾಗಿ, 1955ರಲ್ಲಿ ಅದು ಅಶೋಕ್ ಲೇಲ್ಯಾಂಡ್ ಆಯಿತು. ಜಮಷೇಡ್‌ಪುರದಲ್ಲಿ ಟಾಟಾ ಎಂಜಿನಿಯರಿಂಗ್ ಮತ್ತು ಲೋಕೋಮೋಟಿವ್ ಸಂಸ್ಥೆಯವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಸಂಸ್ಥೆಯೊಡನೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡರು. 1969ರಲ್ಲಿ ಆ ಅವಧಿ ಮುಗಿದಾಗ ಲಾರಿಯ ಮೂಗಿನ ಮೇಲಿದ್ದ ಮೂರು ಕೈಗಳ ನಕ್ಷತ್ರ ಹೋಗಿ ಟಾಟಾ ಅವರ ಸ್ವಂತ ಗುರುತು ಬಂತು. ನನ್ನ ಮಿತ್ರರ ಲಾರಿ ಆ ನಕ್ಷತ್ರದ ಕಾಲದ್ದು.

ಇವೆಲ್ಲ ಗ್ರಂಥಗಳಲ್ಲಿ ದೊರೆಯುವ ಸಂಗತಿಗಳು. ಅಷ್ಟಾಗಿ ದಾಖಲಾಗದ ಸಂಗತಿ ಬೇರೊಂದಿದೆ. ಈ ಕಾರ್ಖಾನೆಗಳು ಬಹುಮಟ್ಟಿಗೆ ಮಾರಿದ್ದು ಪೂರ್ತಿ ಲಾರಿಯನ್ನಲ್ಲ, ಚಾಸಿಯನ್ನು. ಎಂಜಿನ್, ಚಕ್ರಗಳು, ಮುಂದಿನ ಬಾನೆಟ್ಟು, ಮಡ್‌ಗಾರ್ಡುಗಳು ಇಷ್ಟಿದ್ದರೆ ಆಯಿತು. ಅದರ ಹಿಂದೆ ಬರಿಯ ಉಕ್ಕಿನ ಅಸ್ಥಿಪಂಜರ. ಬಾಗಿಲಿಲ್ಲದ, ಗಾಜಿಲ್ಲದ, ಸೂರಿಲ್ಲದ ಅಂಥ ಬತ್ತಲೆ ಚಾಸಿಯ ಮೇಲೆ ತಾತ್ಕಾಲಿಕ ಆಸನ ಮಾಡಿಕೊಂಡು, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಬಿಸಿಲು ಗಾಳಿಗಳಿಗೆ ಎದೆಯೊಡ್ಡಿ ಚಾಲಕರು ನೂರಾರು ಮೈಲಿ ಬರುತ್ತಿದ್ದುದನ್ನು ಹೆದ್ದಾರಿಯ ಬದಿಯ ಊರುಗಳವರು ಕಂಡಿದ್ದಾರೆ. ಆ ಪಂಜರಕ್ಕೆ ಮೈ ತುಂಬುತ್ತಿದ್ದವರು ನಮ್ಮ ಬಡಗಿಗಳು, ಕಮ್ಮಾರರು, ಟಿಂಕರ್‌ಗಳು, ಬಣ್ಣಗಾರರು. ಚಾಲಕನ ಕೋಣೆಯ ಎತ್ತರವೆಷ್ಟು, ಅದರ ನೆತ್ತಿಯ ಮೇಲೆ ಹಗ್ಗ ತಾಡಪಾಲುಗಳಿಗೆ ಜಾಗ ಎಷ್ಟು ಎಂಬುದನ್ನು ನಿರ್ಧರಿಸಿದ್ದು ಜಮಷೇಡ್‌ಪುರವಲ್ಲ. ಆಯಾ ಊರಿನ ವಾಡಿಕೆ, ಮಾಲೀಕನ ಹಣದ ಚೀಲ. ಆದ್ದರಿಂದಲೇ ಒಂದೇ ವರ್ಷ, ಒಂದೇ ಕಾರ್ಖಾನೆಯಿಂದ ಹೊರಟ ಎರಡು ಲಾರಿಗಳು ಅಕ್ಕ ತಂಗಿಯರಂತೆ ಹೋಲುತ್ತಿದ್ದವೇ ಹೊರತು ಅವಳಿಗಳಾಗಿರಲಿಲ್ಲ.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವಿದೆ. 1940ರಲ್ಲಿ ಅದೇ ವಾಲ್‌ಚಂದರು ಮೈಸೂರು ಸರ್ಕಾರದ ನೆರವಿನಿಂದ ಅಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಕಟ್ಟಿದರು. ಮಹಾಯುದ್ಧದ ಕಾಲದಲ್ಲಿ ಅಲ್ಲಿ ವಿಮಾನಗಳ ಜೋಡಣೆಯೂ ದುರಸ್ತಿಯೂ ಬಿಡುವಿಲ್ಲದೆ ನಡೆದವು. ಯುದ್ಧ ಮುಗಿದು ಆ ಕೆಲಸ ಇಳಿಮುಖವಾದಾಗ ಅದೇ ಕೈಗಳು ರೈಲುಗಾಡಿಯ ಡಬ್ಬಿಗಳನ್ನೂ ಬಸ್ಸಿನ ಮೈಗಳನ್ನೂ ಕಟ್ಟಿದವು. ವಿಮಾನದ ರೆಕ್ಕೆಯ ತಗಡಾಗಲಿ ಬಸ್ಸಿನ ಮೂತಿಯ ತಗಡಾಗಲಿ, ಬಾಗಿಸುವ ವಿದ್ಯೆ ಮೂಲತಃ ಒಂದೇ. ಅದನ್ನು ಬಲ್ಲ ಕೈಗೆ ಆಕಾಶವೂ ಒಂದೇ, ರಸ್ತೆಯೂ ಒಂದೇ.

ಈ ವಿದ್ಯೆಯೇನು ಎಂಬುದನ್ನು ನಾನು ತಿಳಿದದ್ದು ಟಿಂಕರ್ ಅವರ ಶೆಡ್ಡಿನಲ್ಲಿ ಕಳೆದ ಎಂಟು ದಿನಗಳಲ್ಲಿ. ಚಪ್ಪಟೆ ಕಾಗದದಿಂದ ಕೊಳವೆ ಸುತ್ತಬಹುದು. ಆದರೆ ಅದೇ ಕಾಗದವನ್ನು ತೆಂಗಿನಕಾಯಿಗೆ ಸುಕ್ಕಿಲ್ಲದಂತೆ ಹೊದಿಸಲಾಗದು. ಎರಡು ದಿಕ್ಕಿಗೆ ಬಾಗಿದ ಮೈಯನ್ನು ಕೇವಲ ಮಡಿಸಿ ಪಡೆಯಲು ಬರುವುದಿಲ್ಲ. ಕಾಗದ ಸೋಲುವಲ್ಲಿ ಲೋಹ ಗೆಲ್ಲುತ್ತದೆ. ಏಕೆಂದರೆ ಲೋಹವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ನಡುವೆ ಉಬ್ಬು ಬೇಕಾದರೆ ಅಲ್ಲಿ ಬಡಿದು ಹಿಗ್ಗಿಸಬೇಕು. ತಗಡು ಅಲ್ಲಿ ತೆಳುವಾಗುತ್ತದೆ. ಅಂಚು ಒಳಕ್ಕೆ ಬಾಗಬೇಕಾದರೆ ಅಲ್ಲಿ ಬೇಕೆಂದೇ ಸುಕ್ಕು ಹಿಡಿಸಿ, ಆ ಸುಕ್ಕು ಮಗುಚಿಕೊಳ್ಳದಂತೆ ಕಾಯ್ದು ಬಡಿದು, ಲೋಹವನ್ನು ತನ್ನೊಳಗೇ ಹಿಂಗುವಂತೆ ಮಾಡಬೇಕು. ತಗಡು ಅಲ್ಲಿ ದಪ್ಪವಾಗುತ್ತದೆ. ತಾಮ್ರದ ಹಾಳೆಯಿಂದ ಕೊಡ ಎತ್ತುವ ಕುಶಲಿ ಮಾಡುವುದೂ ಇದನ್ನೇ. ಅಜ್ಜನ ಕೊಡದಿಂದ ಮೊಮ್ಮಗನ ಮಡ್‌ಗಾರ್ಡಿಗೆ ನಾವೆಣಿಸಿದಷ್ಟು ದೂರವಿಲ್ಲ.

ಅವರ ಸಲಕರಣೆಗಳನ್ನು ಒಂದು ಗೋಣಿಚೀಲದಲ್ಲಿ ಕಟ್ಟಿಡಬಹುದಾಗಿತ್ತು. ಹುಣಸೆ ಮರದ ಎರಡು ಕೊಡತಿಗಳು, ತಲೆ ನುಣುಪಾದ ಮೂರು ನಾಲ್ಕು ಸುತ್ತಿಗೆಗಳು, ಕತ್ತರಿ, ಅರ, ಮರಳು ತುಂಬಿದ ಚರ್ಮದ ಚೀಲ, ಅಡಿಗಲ್ಲಿನ ಬದಲಿಗೆ ರೈಲು ಕಂಬಿಯ ಒಂದು ತುಂಡು. ಇವುಗಳ ಜೊತೆಗೆ ಗ್ಯಾಸ್ ಬೆಸುಗೆಯ ಎರಡು ಸಿಲಿಂಡರುಗಳು. ಆಮ್ಲಜನಕದೊಡನೆ ಅಸಿಟಿಲೀನ್ ಅನಿಲವನ್ನು ಉರಿಸಿ ಉಕ್ಕನ್ನು ಬೆಸೆಯುವ ಕೊಳವೆಯನ್ನು ಫ್ರಾನ್ಸಿನ ಫೂಶೆ ಮತ್ತು ಪಿಕಾರ್ ಎಂಬುವರು 1903ರ ಸುಮಾರಿಗೆ ಬಳಕೆಗೆ ತಂದರು. ಶೆಡ್ಡಿನಲ್ಲಿ ಆಧುನಿಕವೆಂದು ಕರೆಯಬಹುದಾಗಿದ್ದದ್ದು ಅದೊಂದೇ. ಅದಕ್ಕೂ ನೂರು ವರ್ಷ ಮೀರಿದೆ.

ನಕ್ಷೆಯೊಂದಿಲ್ಲದೆ ಅಳತೆ ಹೇಗೆ? ಎಡ ಮಡ್‌ಗಾರ್ಡಿಗೆ ಬಲ ಮಡ್‌ಗಾರ್ಡೇ ನಕ್ಷೆ. ಗಟ್ಟಿಯಾಗಿದ್ದ ಬಲಗಡೆಯದನ್ನು ಬಿಚ್ಚಿ ಹೊರತಂದು, ಅದರ ಮೈಮೇಲೆ ಆರಾರು ಅಂಗುಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಪ್ರತಿ ಗೆರೆಯ ಬಾಗಿಗೂ ತೆಳು ಹಲಗೆಯ ಒಂದೊಂದು ಪಡಿಯಚ್ಚನ್ನು ಕತ್ತರಿಸಿದರು. ಹಲಗೆಯನ್ನು ಮಗುಚಿ ಹಿಡಿದರೆ ಬಲದ ಬಾಗು ಎಡದ ಬಾಗಾಗುತ್ತದೆ. ಕನ್ನಡಿಯೊಳಗಿನ ಬಿಂಬವನ್ನು ಹೊರಗೆ ತಂದು ನಿಲ್ಲಿಸಿದ ಹಾಗೆ. ಹೊಸ ತಗಡನ್ನು ಅಷ್ಟಷ್ಟು ಬಡಿಯುವುದು, ಪಡಿಯಚ್ಚನ್ನು ಇಟ್ಟು ಬೆಳಕಿಗೆ ಹಿಡಿಯುವುದು, ಸಂದಿಯಲ್ಲಿ ಎಲ್ಲಿ ಬೆಳಕು ಇಣುಕುತ್ತದೆಯೋ ಅಲ್ಲಿ ಮತ್ತೆ ಬಡಿಯುವುದು. ಎಂಟು ದಿನಗಳ ಕೆಲಸವೆಲ್ಲ ಆ ಬೆಳಕಿನ ಗೆರೆಯನ್ನು ಮುಚ್ಚುವ ಕೆಲಸವೇ ಆಗಿತ್ತು.

ಆದರೆ ಕೆಲಸ ಆರಂಭವಾಗುವ ಮುನ್ನವೇ ನಮ್ಮ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದ ಸಂಗತಿಯೊಂದು ನಡೆಯಿತು. ಮಾದರಿಗೆಂದು ತೆಗೆದ ಬಲ ಮಡ್‌ಗಾರ್ಡಿನ ಒಳಮೈಯಲ್ಲಿ ಗಟ್ಟಿಗೊಂಡಿದ್ದ ಕೆಸರನ್ನೂ ಡಾಂಬರನ್ನೂ ಕೆರೆದಾಗ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆಸುಗೆಯ ಗೆರೆ ಕಾಣಿಸಿತು. ಅದರ ಎರಡು ಬದಿಗೂ ಮೀನಿನ ಹುರುಪೆಯಂತೆ ಸುತ್ತಿಗೆಯ ಗುರುತುಗಳು. ಅಚ್ಚಿನಲ್ಲಿ ಒತ್ತಿ ತೆಗೆದ ಮಡ್‌ಗಾರ್ಡಿನ ಒಳಮೈ ಹಾಗಿರುವುದಿಲ್ಲ. ಟಿಂಕರ್ ಅವರು ಅದರ ಮೇಲೆ ಹೆಬ್ಬೆರಳಾಡಿಸಿ, "ಇದೂ ಕೈಯಲ್ಲೇ ಮಾಡಿದ್ದು" ಎಂದರು. ನಾವು ಮೂಲವೆಂದು ನಂಬಿದ್ದು ಮೂಲವಾಗಿರಲಿಲ್ಲ. ಎಂದೋ ಒಂದು ಅಪಘಾತದ ನಂತರ ಎಲ್ಲಿಯೋ ಒಬ್ಬ ಕುಶಲಿ, ಬಹುಶಃ ಅಂದು ಗಟ್ಟಿಯಾಗಿದ್ದ ಎಡಗಡೆಯದನ್ನು ನೋಡಿಕೊಂಡು, ಇದನ್ನು ಬಡಿದಿದ್ದ. ಈಗ ಇದನ್ನು ನೋಡಿಕೊಂಡು ಎಡಗಡೆಯದನ್ನು ಬಡಿಯಬೇಕಾಗಿದೆ!

ಮಿತ್ರರ ಮುಖ ಸಣ್ಣದಾಯಿತು. ತಂದೆಯವರು ಮುಟ್ಟಿದ ಲಾರಿಯನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ಅವರ ಆಸೆ. ಅವರ ಬಳಿ ಅದೇ ಮಾದರಿಯ ಹೊಸ ಲಾರಿಯ ಹಳೆಯ ಮುದ್ರಿತ ಚಿತ್ರವೊಂದಿತ್ತು. ಅದರೊಡನೆ ಹೋಲಿಸಿದರೆ ನಮ್ಮ ಬಲ ಮಡ್‌ಗಾರ್ಡಿನ ಮುಂತುದಿ ಒಂದು ಬೆರಳಿನಷ್ಟು ಹೆಚ್ಚು ಕೆಳಕ್ಕೆ ಬಾಗಿದಂತಿತ್ತು. ಚಿತ್ರದಲ್ಲಿರುವಂತೆ ಎಡಗಡೆಯದನ್ನು ಮಾಡಿ ಎಂದು ಅವರು ಒತ್ತಾಯಿಸಿದರು. ಹಾಗೆ ಮಾಡಿದರೆ ಲಾರಿ ಮೆಳ್ಳಗಣ್ಣು ಬಿಟ್ಟಂತೆ ಕಾಣುತ್ತದೆ ಎಂದು ಟಿಂಕರ್ ಹೇಳಿದರು. ಹಾಗಾದರೆ ಎರಡನ್ನೂ ಹೊಸದಾಗಿ ಮಾಡಿಬಿಡಿ ಎಂದರು ಮಿತ್ರರು. ಗಟ್ಟಿಯಾಗಿರುವುದನ್ನು ಕಿತ್ತು ಎಸೆಯಲು ತಮ್ಮ ಕೈ ಬರುವುದಿಲ್ಲವೆಂದು ಟಿಂಕರ್ ಸ್ಪಷ್ಟವಾಗಿ ಹೇಳಿ, ಬೀಡಿ ಹಚ್ಚಿ ಹೊರಗೆ ಹೋಗಿ ಕುಳಿತರು. ಅಂದು ಕೆಲಸ ನಡೆಯಲಿಲ್ಲ.

ಆ ರಾತ್ರಿ ಮಿತ್ರರೂ ನಾನೂ ಬಹಳ ಹೊತ್ತು ಮಾತನಾಡಿದೆವು. ಇದು ಒಂದು ಮನೆಯ ವ್ಯಾಜ್ಯ ಮಾತ್ರವಲ್ಲವೆಂದು ನನಗೆ ಹೊಳೆದದ್ದು ಆಗ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಐವತ್ತು ವರ್ಷ ಮೀರಿದ ಹಳೆಯ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತು. ಹಳೆಯ ವಾಹನವೂ ನಾಡಿನ ಪರಂಪರೆ ಎಂದು ಕಾನೂನು ಒಪ್ಪಿದ್ದು ಸಂತೋಷದ ಮಾತು. ಆದರೆ ಆ ನಿಯಮದಲ್ಲಿ ಸ್ಥಾನ ದೊರೆತದ್ದು ದ್ವಿಚಕ್ರ ವಾಹನಗಳಿಗೆ ಮತ್ತು ಪ್ರಯಾಣದ ಕಾರುಗಳಿಗೆ. ಸರಕು ಸಾಗಿಸುವ ಲಾರಿಗೆ ಅದರಲ್ಲಿ ಜಾಗವಿಲ್ಲ. ಜೊತೆಗೆ, ವಾಹನ ತನ್ನ ಮೂಲರೂಪದಲ್ಲೇ ಇರಬೇಕು, ಚಾಸಿ, ಮೈ ಅಥವಾ ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು ಎಂಬ ಷರತ್ತೂ ಇದೆ. ಸಿರಿವಂತರ ಮನೆಯಲ್ಲಿ ಬಟ್ಟೆ ಹೊದ್ದು ನಿಂತ ಕಾರು ಈ ಷರತ್ತನ್ನು ಪೂರೈಸೀತು. ಮಳೆಗಾಲದ ಘಟ್ಟಗಳನ್ನು ಹತ್ತಿ ಇಳಿದು, ಸೇತುವೆಯ ಕಲ್ಲಿಗೆ ಮೈ ಉಜ್ಜಿಕೊಂಡು, ಊರೂರಿನ ಗ್ಯಾರೇಜುಗಳಲ್ಲಿ ತೇಪೆ ಹಾಕಿಸಿಕೊಂಡು ದುಡಿದ ಲಾರಿ ಪೂರೈಸುವುದು ಹೇಗೆ? ಅರ್ಧವನ್ನು ಮಾತ್ರ ಕಾರ್ಖಾನೆ ಕೊಟ್ಟು ಉಳಿದರ್ಧವನ್ನು ಪೇಟೆ ಕಟ್ಟಿದ ವಸ್ತುವಿಗೆ ಮೂಲರೂಪ ಯಾವುದು?

ಪ್ರಶ್ನೆ ಕಗ್ಗಂಟಾಗಿ ಕಂಡರೂ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಅದು ಹೊಸದಲ್ಲ. ಪಂಪನು ತನ್ನ ಕೈಯಿಂದ ಬರೆದ ಓಲೆ ನಮಗೆ ದೊರೆತಿಲ್ಲ. ದೊರೆತಿರುವುದು ಪ್ರತಿಯ ಪ್ರತಿ. ಗರಿ ಜೀರ್ಣವಾದಾಗಲೆಲ್ಲ ಯಾವನೋ ಒಬ್ಬ ಲಿಪಿಕಾರ ಕುಳಿತು ಹೊಸ ಗರಿಯ ಮೇಲೆ ಕಂಠವೂರಿದ್ದರಿಂದಲೇ ಕಾವ್ಯ ಉಳಿಯಿತು. ಅವನು ಅಲ್ಲಲ್ಲಿ ತಪ್ಪಿರಬಹುದು, ತನ್ನ ಕಾಲದ ಬರೆವಣಿಗೆಯನ್ನು ಬೆರೆಸಿರಬಹುದು. ಆ ವ್ಯತ್ಯಾಸಗಳನ್ನು ನಾವು ಪಾಠಾಂತರಗಳೆಂದು ಅಡಿಟಿಪ್ಪಣಿಯಲ್ಲಿ ದಾಖಲಿಸುತ್ತೇವೆಯೇ ಹೊರತು, ಮೂಲವಲ್ಲವೆಂದು ಪ್ರತಿಯನ್ನು ಒಲೆಗೆ ಹಾಕುವುದಿಲ್ಲ. ಬಲ ಮಡ್‌ಗಾರ್ಡಿನ ಆ ಒಂದು ಬೆರಳಿನ ಬಾಗು ಒಂದು ಪಾಠಾಂತರ. ಅದು ಕಲಬೆರಕೆಯಲ್ಲ, ಲಾರಿಯ ಜೀವನ ಚರಿತ್ರೆಯ ಒಂದು ಸಾಲು. ಅದನ್ನು ಬಡಿದವನ ಹೆಸರು ಯಾವ ಗ್ರಂಥದಲ್ಲೂ ಇಲ್ಲ. ಇರುವ ಸಹಿ ಆ ಸುತ್ತಿಗೆಯ ಗುರುತುಗಳಷ್ಟೆ.

ಆದರೆ ಈ ಹೋಲಿಕೆಯಿಂದ ಎಲ್ಲವೂ ಬಗೆಹರಿಯುತ್ತದೆಂದು ನಾನು ಹೇಳಲಾರೆ. ಲಿಪಿಕಾರನಿಗೂ ಒಂದು ಧರ್ಮವಿದೆ. ಇದ್ದುದನ್ನು ಅಳಿಸಿ ತನಗೆ ತೋಚಿದ್ದನ್ನು ಬರೆದರೆ ಅದು ಪ್ರತಿಯಾಗದು. ಹಳೆಯ ಲಾರಿಗೆ ಹೊಳೆಯುವ ಹೊಸ ಮೈ ತೊಡಿಸಿ, ಬೇಡವಾದ ಅಲಂಕಾರವನ್ನೆಲ್ಲ ಹೇರಿ, ಮೂಲವೆಂದು ಮಾರುವವರೂ ಇದ್ದಾರೆ. ನಿಯಮದ ಬಿಗಿಗೆ ಅಂಥವರೂ ಒಂದು ಕಾರಣವಿರಬಹುದು. ಆದ್ದರಿಂದ ಬದಲಾವಣೆ ಕೂಡದು ಎನ್ನುವುದಕ್ಕಿಂತ, ಬದಲಾವಣೆ ತನ್ನ ಗುರುತನ್ನು ಮರೆಮಾಚಕೂಡದು ಎನ್ನುವುದು ಹೆಚ್ಚು ನ್ಯಾಯವೆಂದು ನನಗೆ ತೋರುತ್ತದೆ. ಯಾವ ಭಾಗ ಎಂದು, ಎಲ್ಲಿ, ಏಕೆ ಹೊಸದಾಯಿತೆಂಬ ದಾಖಲೆ ಇದ್ದರೆ ಸಾಕು. ಆಗ ಲಾರಿಯೂ ಪರಂಪರೆಯ ಪಟ್ಟಿಗೆ ಸೇರಬಹುದು. ಅದರೊಡನೆ ಅದನ್ನು ಕಟ್ಟಿದ ಕೈಗಳೂ ಸೇರಬಹುದು.

ಮರುದಿನ ಮಿತ್ರರು ತಾವಾಗಿಯೇ ಶೆಡ್ಡಿಗೆ ಹೋದರು. ತಂದೆಯವರು ಓಡಿಸಿದ್ದು ಚಿತ್ರದಲ್ಲಿರುವ ಲಾರಿಯನ್ನಲ್ಲ, ಈ ಬಾಗು ಉಳ್ಳ ಲಾರಿಯನ್ನು ಎಂದು ಅವರು ಒಪ್ಪಿಕೊಂಡಿದ್ದರು. ಬಲದಂತೆಯೇ ಎಡ ಎಂದು ತೀರ್ಮಾನವಾಯಿತು. ಹದಿನೆಂಟು ಗೇಜಿನ, ಎಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಬಂತು. ನೆತ್ತಿಗೊಂದು, ಎರಡು ಪಕ್ಕಗಳಿಗೆ ಎರಡು, ಹೀಗೆ ಮೂರು ತುಂಡುಗಳನ್ನು ಬೇರೆ ಬೇರೆಯಾಗಿ ಬಡಿದರು. ಬೆಸೆಯುವಾಗ ಒಂದು ತುದಿಯಿಂದ ಒಂದೇ ಸಮನೆ ಹೋಗಲಿಲ್ಲ. ಹಾಗೆ ಹೋದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಅಂಗುಲಕ್ಕೊಂದು ಚುಕ್ಕೆಯಂತೆ, ಒಮ್ಮೆ ಈ ತುದಿ, ಒಮ್ಮೆ ಆ ತುದಿ, ಒಮ್ಮೆ ನಡುವೆ ಬೆಸೆದು, ಆಮೇಲೆ ಗೆರೆಯನ್ನು ತುಂಬಿದರು. ಬೆಸುಗೆ ಆರುವಾಗ ಕುಗ್ಗಿ ಅಕ್ಕಪಕ್ಕವನ್ನು ಎಳೆಯುತ್ತದೆ; ಒಳಗಿನಿಂದ ಕಬ್ಬಿಣದ ಗುಂಡನ್ನು ಆನಿಸಿ ಹೊರಗಿನಿಂದ ಮೆಲ್ಲಗೆ ಬಡಿದು ಆ ಎಳೆತವನ್ನು ಬಿಡಿಸಿದರು. ಎಲ್ಲಿಯೋ ಹೆಚ್ಚು ಹಿಗ್ಗಿ ಡಬ್ಬದಂತೆ ಸದ್ದು ಮಾಡುತ್ತಿದ್ದ ಕಡೆ ರೂಪಾಯಿಯಗಲ ಕೆಂಪಗೆ ಕಾಯಿಸಿ, ಬಡಿದು, ಒದ್ದೆ ಬಟ್ಟೆ ಒತ್ತಿದರು. ಸದ್ದು ನಿಂತಿತು. ಕೊನೆಗೆ ಅಂಚಿನೊಳಗೆ ತಂತಿಯಿಟ್ಟು ಮಡಿಸಿದರು. ಮೆತ್ತುವ ಪುಟ್ಟಿಯನ್ನು ಬಹಳ ಕಡಿಮೆ ಬಳಸಿದರು. ಪುಟ್ಟಿ ಹೆಚ್ಚಾದಷ್ಟೂ ಕೆಲಸ ಬಲ್ಲವನ ಮಾನ ಕಡಿಮೆಯಾಗುತ್ತದೆಂಬುದು ಅವರ ಮಾತು.

ಈ ಕೆಲಸ ಮುಂದೆ ಯಾರು ಮಾಡುತ್ತಾರೆ ಎಂದು ನಾನು ಕೇಳಿದೆ. ಅವರ ಮಗ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಹೊಸ ಲಾರಿಗಳ ಚಾಲಕನ ಕೋಣೆಗಳು ಬಹುಪಾಲು ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುತ್ತವೆ. ಹಾಳಾದ ಭಾಗವನ್ನು ಬಿಚ್ಚಿ ಹೊಸದನ್ನು ತಿರುಪಿನಿಂದ ಕೂಡಿಸಿದರೆ ಆಯಿತು. ಚಾಲಕರಿಗೆ ಅದರಿಂದ ಸುಖವಿದೆ, ಸುರಕ್ಷಿತತೆಯಿದೆ. ಅದನ್ನು ಹಳಿಯುವ ಹಕ್ಕು ನಮಗಿಲ್ಲ. ಆದರೆ ಒಂದು ವಿದ್ಯೆ ಹಿಂದೆ ಸರಿಯುವಾಗ ಅದರ ಚರಿತ್ರೆಯನ್ನು ಬರೆದಿಡುವ ಹೊಣೆ ಯಾರದು? ನಮ್ಮ ಪಟ್ಟಣಗಳ ಚರಿತ್ರೆ ಬರೆಯುವವರು ಗುಡಿ, ಕೋಟೆ, ಶಾಲೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಗ್ಯಾರೇಜು ಸಾಲನ್ನು ದಾಟಿ ಹೋಗುವಾಗ ಮೂಗಿಗೆ ಬಟ್ಟೆ ಹಿಡಿಯುತ್ತಾರೆ. ನಾನೂ ಹಾಗೆಯೇ ದಾಟಿ ಹೋದವನು.

ಬಣ್ಣ ಹಚ್ಚುವ ಹಿಂದಿನ ದಿನ ನಾನೊಂದು ಬೇಡಿಕೆಯನ್ನು ಮುಂದಿಟ್ಟೆ. ಹೊಸ ಮಡ್‌ಗಾರ್ಡಿನ ಒಳಮೈಯಲ್ಲಿ ಅವರ ಹೆಸರನ್ನೂ ವರ್ಷವನ್ನೂ ಕೊರೆಯಬೇಕೆಂದು. ಅವರು ನಕ್ಕರು. ಕೆಸರು ಬಡಿಯುವ ಜಾಗದಲ್ಲಿ ಹೆಸರೇಕೆ ಎಂದರು. ಬಹಳ ಕೇಳಿಕೊಂಡ ಮೇಲೆ ಉಳಿಯೊಂದನ್ನು ತೆಗೆದುಕೊಂಡು, ಬೆಸುಗೆಯ ಗೆರೆಯ ಪಕ್ಕದಲ್ಲಿ ಚುಕ್ಕೆ ಚುಕ್ಕೆಯಾಗಿ ವರ್ಷದ ನಾಲ್ಕು ಅಂಕಿಗಳನ್ನು ಮೂಡಿಸಿದರು. ಹೆಸರನ್ನು ಮಾತ್ರ ಬರೆಯಲಿಲ್ಲ. ಒಳಮೈಯ ಸುತ್ತಿಗೆಯ ಗುರುತುಗಳನ್ನು ಅರದಿಂದ ಉಜ್ಜಿ ತೆಗೆಯದೆ ಹಾಗೆಯೇ ಬಿಟ್ಟರು. ಮಾರನೆಯ ದಿನ ಅದರ ಮೇಲೆ ಬಣ್ಣ ಬಿತ್ತು, ಮಡ್‌ಗಾರ್ಡು ಲಾರಿಗೆ ಏರಿತು. ಮುಂದೆ ಎಂದಾದರೂ ಬಲಗಡೆಯದು ತುಕ್ಕಿಗೆ ತುತ್ತಾದಾಗ ಯಾರೋ ಒಬ್ಬರು ಇದನ್ನು ಬಿಚ್ಚಿ, ಕೆಸರು ಕೆರೆದು, ಮಾದರಿಯಾಗಿ ಎದುರಿಗಿಟ್ಟುಕೊಂಡಾರು. ಆಗ ಆ ನಾಲ್ಕು ಅಂಕಿಗಳು ಅವರ ಬೆರಳಿಗೆ ಸಿಕ್ಕಾವು.